ವಿಜ್ಞಾನಕ್ಕೂ ಒಂದು ರಾಜಾಶ್ರಯ

ನಮ್ಮ ಪ್ರಾಚೀನ ಕಾವ್ಯಗಳನ್ನು ಓದಿದವರಿಗೆ ರಾಜಾಶ್ರಯವೆಂಬ ಮಾತು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಮಹಾಕವಿಯು ವೇಮುಲವಾಡದ ಚಾಳುಕ್ಯ ದೊರೆ ಅರಿಕೇಸರಿಯ ಆಶ್ರಯದಲ್ಲಿದ್ದು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಆಶ್ರಯದಾತನನ್ನು ಅರ್ಜುನನೊಡನೆ ಸಮೀಕರಿಸಿದ ಮೇಲೆ ಕಥೆಯಲ್ಲಿಯೇ ಕೆಲವು ಮಾರ್ಪಾಡುಗಳು ಅನಿವಾರ್ಯವಾದವು. ವ್ಯಾಸರಲ್ಲಿ ಐವರ ಮಡದಿಯಾದ ದ್ರೌಪದಿಯು ಪಂಪನಲ್ಲಿ ಅರ್ಜುನನೊಬ್ಬನ ಮಡದಿಯಾದಳು. ಯುದ್ಧಾನಂತರದ ಪಟ್ಟವೂ ಧರ್ಮರಾಯನಿಗೆ ದೊರೆಯದೆ ಅರ್ಜುನನಿಗೇ ದೊರೆಯಿತು. ಈ ಕಟ್ಟಿನೊಳಗೂ ಪಂಪನ ಪ್ರತಿಭೆ ಬೆಳಗಿತೆಂಬುದು ಬೇರೆಯ ಮಾತು. ಆಶ್ರಯ ನೀಡಿದ ಕೈ ಕೃತಿಯ ಒಳಕ್ಕೂ ಚಾಚಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮಲ್ಲಿ ವಿರಳ.

ಕಾವ್ಯಕ್ಕೆ ಸಲ್ಲುವ ಈ ಮಾತು ವಿಜ್ಞಾನಕ್ಕೂ ಸಲ್ಲುವುದೇ? ಸಲ್ಲದೆಂದೇ ನಮ್ಮಲ್ಲಿ ಅನೇಕರ ನಂಬಿಕೆ. ನಿಸರ್ಗದ ನಿಯಮಗಳಿಗೆ ಅರಸನೂ ಒಂದೇ, ಆಳೂ ಒಂದೇ. ಅಲ್ಲಿ ಯಾರ ಪ್ರಭಾವವೂ ನಡೆಯದು ಎಂದು ನಾವು ಭಾವಿಸುತ್ತೇವೆ. ನಿಯಮಗಳ ಮಟ್ಟಿಗೆ ಇದು ನಿಜ. ಆದರೆ ಆ ನಿಯಮಗಳನ್ನು ಅರಸಿ ಹೊರಟವನು ಮನುಷ್ಯ. ಅವನಿಗೆ ಪ್ರಯೋಗಶಾಲೆ ಬೇಕು, ಉಪಕರಣ ಬೇಕು, ಶಿಷ್ಯರು ಬೇಕು, ತಿಂಗಳ ಕೊನೆಯಲ್ಲಿ ಸಂಬಳವೂ ಬೇಕು. ಇವನ್ನೆಲ್ಲ ಒದಗಿಸುವವರು ಯಾರೋ ಇರಲೇಬೇಕು. ಯಾವುದನ್ನು ಸಂಶೋಧಿಸಬೇಕು, ಯಾರು ಸಂಶೋಧಿಸಬೇಕು, ಎಷ್ಟು ಕಾಲದಲ್ಲಿ ಫಲ ಕಾಣಬೇಕು ಎಂದು ನಿರ್ಧರಿಸುವ ಅಧಿಕಾರವೂ ಅವರ ಕೈಗೆ ಬರುತ್ತದೆ. ನಾನು ಕನ್ನಡದ ಅಧ್ಯಾಪಕನೇ ಹೊರತು ವಿಜ್ಞಾನಿಯಲ್ಲ. ಆದರೂ ಈ ಸಂಬಂಧವನ್ನು ಅರಿಯಲು ವಿಜ್ಞಾನಿಯೇ ಆಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು ನೋಡಿದರೆ ಸಾಕು.

ಜಮ್‌ಷೇಟ್‌ಜಿ ಟಾಟಾ ಅವರು ಇಂಥದೊಂದು ಸಂಸ್ಥೆಯ ಯೋಜನೆಯನ್ನು ಮುಂದಿಟ್ಟದ್ದು 1898ರಲ್ಲಿ. ಆ ವರ್ಷದ ಕೊನೆಯ ದಿನ, ಆಗತಾನೆ ಮುಂಬಯಿಗೆ ಬಂದಿಳಿದಿದ್ದ ಕರ್ಜನ್ ಪ್ರಭುವಿನ ಮುಂದೆ ಯೋಜನೆಯ ಕರಡನ್ನು ಇಡಲಾಯಿತು. ವೈಸರಾಯರಿಗೆ ಸಂದೇಹಗಳಿದ್ದವು: ಇಷ್ಟು ಉನ್ನತವಾದ ವ್ಯಾಸಂಗಕ್ಕೆ ಯೋಗ್ಯರಾದ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕಾರೆಯೇ? ಕಲಿತು ಹೊರಬಂದವರಿಗೆ ಉದ್ಯೋಗವೆಲ್ಲಿ? ರಸಾಯನವಿಜ್ಞಾನಿ ವಿಲಿಯಂ ರ್‍ಯಾಮ್ಸೇ ಬಂದು ದೇಶವನ್ನು ಸುತ್ತಿ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. ಆ ಬಳಿಕ ಮತ್ತೊಂದು ಸಮಿತಿ ಬಂದಿತು. ಪತ್ರವ್ಯವಹಾರ ಬೆಳೆಯುತ್ತಲೇ ಹೋಯಿತು. 1904ರಲ್ಲಿ ಟಾಟಾ ಅವರು ತಮ್ಮ ಕನಸು ಕೈಗೂಡುವುದನ್ನು ಕಾಣದೆಯೇ ತೀರಿಕೊಂಡರು. ಮೈಸೂರು ಸರ್ಕಾರವು 371 ಎಕರೆ ಭೂಮಿಯನ್ನು ದಾನವಾಗಿ ನೀಡಿತು. ಸಂಸ್ಥೆಗೆ ಕಾನೂನಿನ ಅಸ್ತಿತ್ವ ದೊರೆತದ್ದು 1909ರ ಮೇ 27ರಂದು. ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ.

ಈ ಹನ್ನೆರಡು ವರ್ಷಗಳಲ್ಲಿ ಕಾಲವಷ್ಟೇ ವ್ಯಯವಾಗಲಿಲ್ಲ, ಯೋಜನೆಯೂ ಕಿರಿದಾಯಿತು. ಮೊದಲಿನ ಕರಡಿನಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಗಳ ಜೊತೆಗೆ ವೈದ್ಯಕ್ಕೂ ತತ್ತ್ವಶಾಸ್ತ್ರ ಮತ್ತು ಶಿಕ್ಷಣಕ್ಕೂ ಸ್ಥಾನವಿತ್ತು. ಕೊನೆಗೆ ಬಾಗಿಲು ತೆರೆದ ಸಂಸ್ಥೆಯಲ್ಲಿ ಉಳಿದದ್ದು ಸಾಮಾನ್ಯ ರಸಾಯನ, ಅನ್ವಯಿಕ ರಸಾಯನ ಮತ್ತು ವಿದ್ಯುತ್‌ತಂತ್ರದಂಥ ವಿಭಾಗಗಳು. ಕೈಗಾರಿಕೆಗೆ ಏನು ಉಪಯೋಗ ಎಂಬುದು ಅಂದಿನ ಅಧಿಕಾರಿಗಳ ಒರೆಗಲ್ಲು. ವಿಜ್ಞಾನ ಸಂಸ್ಥೆಯೆಂಬ ಹೆಸರು ಹೊತ್ತಿದ್ದರೂ ಅಲ್ಲಿ ಭೌತವಿಜ್ಞಾನದ ವಿಭಾಗವು 1933ರವರೆಗೆ ಇರಲಿಲ್ಲವೆಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಭೌತವಿಜ್ಞಾನ ಬೇಡವೆಂದು ಯಾರೂ ಆಜ್ಞೆ ಹೊರಡಿಸಬೇಕಾಗಲಿಲ್ಲ. ಬೇಕೆಂದು ಯಾರೂ ಹಣ ಕೊಡದಿದ್ದರೆ ಸಾಕಾಗಿತ್ತು. ಆಡಳಿತವು ವಿಜ್ಞಾನವನ್ನು ರೂಪಿಸುವ ಅತ್ಯಂತ ಸಾಮಾನ್ಯವಾದ ಬಗೆಯೇ ಇದು. ನಿಷೇಧಕ್ಕೆ ಸದ್ದಿರುತ್ತದೆ, ಅಲಕ್ಷ್ಯಕ್ಕೆ ಸದ್ದಿಲ್ಲ.

ಹಾಗೆಂದು ಹೊರಗಿನ ಒತ್ತಡವೆಲ್ಲ ಕೆಡುಕೆಂದು ತೀರ್ಮಾನಿಸಲಾಗದು. 1914ರಲ್ಲಿ ಯೂರೋಪಿನ ಮಹಾಯುದ್ಧ ಆರಂಭವಾದಾಗ ಮೈಸೂರಿನ ಶ್ರೀಗಂಧಕ್ಕೆ ದೊಡ್ಡ ಕಂಟಕ ಒದಗಿತು. ನಮ್ಮ ಕಾಡಿನ ಗಂಧದ ಮರ ಅಲ್ಲಿಯವರೆಗೆ ಹಡಗೇರಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಯುದ್ಧದಿಂದ ಆ ಮಾರ್ಗ ಮುಚ್ಚಿತು. ಮರ ರಾಶಿ ಬಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ವಿಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ತಯಾರಿಕೆ ನಡೆಯತೊಡಗಿತು. ನಮ್ಮ ಮನೆಮನೆಯ ಮೈಸೂರು ಸ್ಯಾಂಡಲ್ ಸಾಬೂನು ಈ ಬಳ್ಳಿಯಲ್ಲಿ ಬಿಟ್ಟ ಕಾಯಿ. ಇಲ್ಲಿ ಪ್ರಶ್ನೆ ಹೊರಗಿನಿಂದ ಬಂದಿತು: ಯುದ್ಧ ಅದನ್ನು ತಂದಿತು, ಸರ್ಕಾರ ಅದನ್ನು ಕೇಳಿತು. ಆದರೆ ಉತ್ತರವನ್ನು ಕಂಡುಹಿಡಿದದ್ದು ಬಟ್ಟಿಯ ಮುಂದೆ ನಿಂತವರು. ಎಣ್ಣೆ ಎಷ್ಟು ಶಾಖಕ್ಕೆ ಇಳಿಯಬೇಕೆಂದು ದಿವಾನರ ಕಚೇರಿ ಆಜ್ಞಾಪಿಸಲಿಲ್ಲ. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ನಮ್ಮ ವಿಷಯದ ತಿರುಳೆಲ್ಲ ಇರುವುದು ಇದರಲ್ಲಿಯೇ.

1933ರಲ್ಲಿ ಸರ್ ಸಿ. ವಿ. ರಾಮನ್ ಅವರು ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರು. ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷವಾಗಿದ್ದಿತು. ಬಂದವರೇ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಸರ್ಕಾರವು ಯೆಹೂದ್ಯ ಮೂಲದ ವಿದ್ವಾಂಸರನ್ನು ವಿಶ್ವವಿದ್ಯಾನಿಲಯಗಳಿಂದ ಹೊರದೂಡತೊಡಗಿತು. ಗಟ್ಟಿಂಗೆನ್ನಿನ ಮ್ಯಾಕ್ಸ್ ಬಾರ್ನ್ ಅವರೂ ಹಾಗೆ ಸ್ಥಾನ ಕಳೆದುಕೊಂಡವರಲ್ಲಿ ಒಬ್ಬರು. ಕ್ವಾಂಟಮ್ ಸಿದ್ಧಾಂತದ ನಿರ್ಮಾತೃಗಳಲ್ಲಿ ಅವರ ಹೆಸರು ದೊಡ್ಡದು. ಒಂದು ದೇಶದ ದುರಾಡಳಿತವು ಮತ್ತೊಂದು ದೇಶಕ್ಕೆ ಭಾಗ್ಯವಾಗಬಹುದೆಂದು ಗುರುತಿಸಿದವರು ರಾಮನ್. ಅವರ ಆಹ್ವಾನದ ಮೇರೆಗೆ ಬಾರ್ನ್ 1935ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳು ಉಪನ್ಯಾಸ ನೀಡಿದರು. ಅವರನ್ನು ಇಲ್ಲಿಯೇ ಶಾಶ್ವತ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಲು ರಾಮನ್ ಯತ್ನಿಸಿದರು. ಆಗ ಅಧ್ಯಾಪಕರ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶವೇ ಹೊರದೂಡಿದ ಎರಡನೆಯ ದರ್ಜೆಯ ಪರದೇಶಿಯೊಬ್ಬನು ತಮ್ಮ ಸಂಸ್ಥೆಗೆ ಬೇಕಿಲ್ಲವೆಂಬರ್ಥದ ಮಾತನ್ನಾಡಿದರಂತೆ. ಬಾರ್ನ್ ಅವರೇ ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ನೋವಿನಿಂದ ನೆನೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದರು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅಂದಿನ ಒಂದು ಸಭೆಯಲ್ಲಿ ಬೆಂಗಳೂರು ಕಳೆದುಕೊಂಡದ್ದೆಷ್ಟೆಂದು ಲೆಕ್ಕ ಹಾಕುವವರು ಯಾರು?

ಇದೇ ಸಮಯಕ್ಕೆ ರಾಮನ್ ಅವರ ಆಡಳಿತದ ಮೇಲೆ ದೂರುಗಳು ಬೆಳೆದಿದ್ದವು. ಭೌತವಿಜ್ಞಾನಕ್ಕೆ ಹೆಚ್ಚು ಒಲವು, ಉಳಿದ ವಿಭಾಗಗಳಿಗೆ ಉಪೇಕ್ಷೆ, ಸಹೋದ್ಯೋಗಿಗಳೊಡನೆ ಬಿರುಸು ಎಂಬುವು ಮುಖ್ಯ ಆಕ್ಷೇಪಗಳು. ಅವುಗಳಲ್ಲಿ ಹುರುಳೇ ಇರಲಿಲ್ಲವೆಂದು ಹೇಳುವಂತಿಲ್ಲ. 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಅವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿತು. 1937ರಲ್ಲಿ ರಾಮನ್ ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು.

ರಾಮನ್ ಅವರನ್ನು ಕೇವಲ ಅನ್ಯಾಯಕ್ಕೊಳಗಾದ ಪ್ರತಿಭೆಯೆಂದು ಚಿತ್ರಿಸಿದರೆ ಕಥೆ ಅಪೂರ್ಣವಾಗುತ್ತದೆ. ಅವರ ಕೈಯಲ್ಲಿಯೂ ಅಧಿಕಾರವಿದ್ದಿತು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನೆಗಾಗಿ ಅರ್ಜಿ ಹಾಕಿದಾಗ, ಹೆಣ್ಣುಮಗಳೆಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸಿದವರು ಅವರೇ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ವರ್ಷವೆಲ್ಲ ಪರೀಕ್ಷಾರ್ಥವಾಗಿ. ಆಕೆಯ ಕೆಲಸವನ್ನು ಕಂಡ ಮೇಲೆ ಸಂಸ್ಥೆಯ ಬಾಗಿಲು ಮಹಿಳೆಯರಿಗೆ ತೆರೆಯಿತು. ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಬಾರ್ನ್ ಅವರನ್ನು ಒಂದು ಪೂರ್ವಗ್ರಹ ತಡೆಯಿತು, ಕಮಲಾ ಅವರನ್ನು ಮತ್ತೊಂದು. ಬಾಗಿಲಲ್ಲಿ ಯಾರು ನಿಂತಿದ್ದಾರೆ, ಅವರ ಮನಸ್ಸು ಎಂಥದು ಎಂಬುದೂ ವಿಜ್ಞಾನದ ಚರಿತ್ರೆಯ ಭಾಗವೇ ಆಗಿದೆ.

ಇನ್ನು ಪ್ರಶ್ನೆಯ ಜೊತೆಗೆ ಉತ್ತರವೂ ಹೊರಗಿನಿಂದಲೇ ಬಂದರೆ ಏನಾಗುತ್ತದೆ? ಇದಕ್ಕೆ ಸೋವಿಯತ್ ರಷ್ಯದ ದಾರುಣ ಉದಾಹರಣೆಯಿದೆ. ನಿಕೊಲಾಯ್ ವವಿಲೋವ್ ಎಂಬ ಮಹಾನ್ ಸಸ್ಯವಿಜ್ಞಾನಿ ಭೂಮಂಡಲವನ್ನೆಲ್ಲ ಸುತ್ತಿ ಬೆಳೆಗಳ ಬೀಜಗಳನ್ನು ಸಂಗ್ರಹಿಸಿದ್ದರು. ಅವರಿಗೆ ಎದುರಾಗಿ ನಿಂತ ಟ್ರೋಫಿಮ್ ಲೈಸೆಂಕೊ, ಆನುವಂಶಿಕತೆಯ ನಿಯಮಗಳೆಲ್ಲ ಹುಸಿಯೆಂದೂ ಸಸ್ಯಗಳ ಗುಣವನ್ನು ಬೇಗನೆ ಬದಲಾಯಿಸಬಹುದೆಂದೂ ಸಾರಿದನು. ಆಳುವವರಿಗೆ ಬೇಕಾಗಿದ್ದ ಮಾತು ಇದೇ. ವವಿಲೋವ್ 1940ರಲ್ಲಿ ಬಂಧಿತರಾಗಿ 1943ರಲ್ಲಿ ಸರಾತೋವಿನ ಸೆರೆಮನೆಯಲ್ಲಿ ಸತ್ತರು. 1948ರ ಆಗಸ್ಟಿನ ಕೃಷಿ ಅಕಾಡೆಮಿ ಸಭೆಯಲ್ಲಿ, ತನ್ನ ವರದಿಗೆ ಪಕ್ಷದ ಕೇಂದ್ರ ಸಮಿತಿಯ ಅನುಮೋದನೆಯಿದೆಯೆಂದು ಲೈಸೆಂಕೊ ಘೋಷಿಸಿದನು. ಅಲ್ಲಿಗೆ ಚರ್ಚೆ ಮುಗಿಯಿತು. ಆದರೆ ಹೊಲದ ಗೋಧಿ ಕೇಂದ್ರ ಸಮಿತಿಯ ಮಾತನ್ನು ಕೇಳಲಿಲ್ಲ. 1960ರ ದಶಕದ ಮಧ್ಯದಲ್ಲಿ ಅವನ ಪ್ರಭಾವ ಅಳಿಯುವ ವೇಳೆಗೆ ಒಂದು ದೇಶದ ತಳಿವಿಜ್ಞಾನ ಒಂದು ತಲೆಮಾರಿನಷ್ಟು ಹಿಂದೆ ಬಿದ್ದಿತ್ತು. ದೊರೆಗಾಗಿ ಕಥೆಯನ್ನು ತಿದ್ದಿದರೂ ಕಾವ್ಯ ಉಳಿಯಬಲ್ಲುದು. ದೊರೆಗಾಗಿ ಫಲಿತಾಂಶವನ್ನು ತಿದ್ದಿದರೆ ವಿಜ್ಞಾನ ಉಳಿಯಲಾರದು.

ಹಾಗಾದರೆ ಆಶ್ರಯವೇ ಬೇಡವೆಂದು ದೂರ ನಿಂತರೆ ಹೇಗೆ? ರಾಮನ್ ಅವರು ಈ ಮಾರ್ಗವನ್ನೂ ಪರೀಕ್ಷಿಸಿ ನೋಡಿದರು. ಸಂಸ್ಥೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿಯೇ ತಮ್ಮದೊಂದು ಸಂಶೋಧನಾ ಮಂದಿರವನ್ನು ಕಟ್ಟಿದರು. ಭೂಮಿ ಮೈಸೂರು ಮಹಾರಾಜರದು. ಹಣ ದಾನಿಗಳಿಂದ ಸಂಗ್ರಹಿಸಿದ್ದು. ಸರ್ಕಾರದ ಅನುದಾನವನ್ನು ಮಾತ್ರ ಅವರು ಒಲ್ಲೆನೆಂದರು; ಅನುದಾನದ ಬೆನ್ನಿಗೇ ನಿಬಂಧನೆಗಳು ಬರುವುವೆಂಬುದು ಅವರ ಅನುಭವ. ಬಣ್ಣ, ಹರಳು, ಹೂವು ಹೀಗೆ ಮನಸ್ಸಿಗೆ ಬಂದುದನ್ನು ಅವರು ಸ್ವತಂತ್ರವಾಗಿ ಶೋಧಿಸಿದರು. ಆದರೆ ಆ ಮಂದಿರ ಅವರ ಕಾಲದಲ್ಲಿ ಚಿಕ್ಕದಾಗಿಯೇ ಉಳಿಯಿತು. 1970ರಲ್ಲಿ ಅವರು ತೀರಿಕೊಂಡ ಬಳಿಕ, 1972ರಲ್ಲಿ ಅದು ಕೇಂದ್ರ ಸರ್ಕಾರದ ನೆರವು ಪಡೆಯುವ ಸ್ವಾಯತ್ತ ಸಂಸ್ಥೆಯಾಗಿ ಬೆಳೆಯಿತು. ಒಬ್ಬ ಋಷಿಗೆ ಆಶ್ರಮ ಸಾಕು; ಒಂದು ಪರಂಪರೆಗೆ ಅದು ಸಾಲದು.

ಪ್ರಶ್ನೆಯನ್ನು ಕೇಳುವ ಹಕ್ಕು ಅರಮನೆಗೂ ಸಚಿವಾಲಯಕ್ಕೂ ಮಾತ್ರ ಸೇರಿದ್ದಲ್ಲವೆಂಬುದನ್ನೂ ನೆನೆಯಬೇಕು. 1974ರಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದಾಗ, ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ವಿಜ್ಞಾನ ಸಂಸ್ಥೆಯೊಳಗೆ ‘ಅಸ್ತ್ರ’ ಎಂಬ ಗುಂಪು ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿದ್ದಿತು. ಸೌದೆ ಒಲೆಯ ಮುಂದೆ ಹೊಗೆ ಕುಡಿಯುತ್ತ ಕಣ್ಣೊರೆಸಿಕೊಳ್ಳುವ ಗೃಹಿಣಿಯ ಕಷ್ಟ ಅಲ್ಲಿ ಸಂಶೋಧನೆಯ ವಿಷಯವಾಯಿತು. ಕಡಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳಿಸುವ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳನ್ನು ಸೇರಿತು. ಗಂಧದೆಣ್ಣೆಯ ಪ್ರಶ್ನೆಯನ್ನು ಸರ್ಕಾರ ಕೇಳಿದ್ದರೆ, ಈ ಪ್ರಶ್ನೆಯನ್ನು ಅಡುಗೆಮನೆ ಕೇಳಿತು. ಅದು ಅಷ್ಟು ತಡವಾಗಿ ಕೇಳಿಸಿತೆಂಬುದಷ್ಟೇ ವಿಷಾದ.

ಒಳ್ಳೆಯ ಆಡಳಿತದ ಒಂದು ಲಕ್ಷಣವನ್ನೂ ಧವನ್ ಅವರಲ್ಲಿಯೇ ಕಾಣಬಹುದು. ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ನಮ್ಮ ಮೊದಲ ಉಪಗ್ರಹ ವಾಹನ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಹೊಣೆ ಹೊತ್ತವರು ಅವರು. 1980ರ ಜುಲೈ 18ರಂದು ಯಶಸ್ಸು ಬಂದಾಗ ಮಾತನಾಡಲು ಮುಂದೆ ಕಳುಹಿಸಿದ್ದು ಯೋಜನೆಯ ನಾಯಕ ಅಬ್ದುಲ್ ಕಲಾಂ ಅವರನ್ನು. ಹೊರಗಿನ ಬಿಸಿಲು ನೇರವಾಗಿ ಪ್ರಯೋಗಶಾಲೆಗೆ ಬೀಳದಂತೆ ನೆರಳಾಗಿ ನಿಲ್ಲುವುದೇ ಆಡಳಿತಗಾರನ ಕೆಲಸವೆಂದು ಅವರು ತಿಳಿದಿದ್ದರು.

ಇಂದಿನ ಸ್ಥಿತಿಯೇನು? ನಮ್ಮ ದೇಶವು ಸಂಶೋಧನೆಗೆ ವೆಚ್ಚ ಮಾಡುವುದು ರಾಷ್ಟ್ರೀಯ ಉತ್ಪನ್ನದಲ್ಲಿ ಶೇಕಡ 0.64ರಷ್ಟು ಎಂಬುದು 2020–21ರ ಲೆಕ್ಕ. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ತೊಡಗಿಸುವ ಅಂದಾಜು ಅದರದು. ಅದರ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ, ಎಂದರೆ ಉದ್ಯಮಗಳು, ದಾನಿಗಳು ಮೊದಲಾದವರಿಂದ ಬರಬೇಕೆಂಬ ನಿರೀಕ್ಷೆ. ಅದರ ಆಡಳಿತ ಮಂಡಳಿಗೆ ಪ್ರಧಾನಮಂತ್ರಿಗಳೇ ಅಧ್ಯಕ್ಷರು. ಇಷ್ಟು ಎತ್ತರದ ಆಶ್ರಯ ದೊರೆತದ್ದು ಒಳ್ಳೆಯದೆನ್ನುವವರೂ ಇದ್ದಾರೆ, ಆಳುವವರ ಕೈ ಇಷ್ಟು ಸಮೀಪ ಬರಬಾರದೆನ್ನುವವರೂ ಇದ್ದಾರೆ. ಬೆಂಗಳೂರಿನ ಚರಿತ್ರೆಯನ್ನು ಓದಿದವರು ಕೇಳಬೇಕಾದ ಪ್ರಶ್ನೆಗಳು ಬೇರೆ: ತಕ್ಷಣ ಲಾಭ ಕಾಣದ ವಿಷಯಕ್ಕೆ ಅಲ್ಲಿ ಸ್ಥಾನವಿದೆಯೇ? ಬಾಗಿಲಲ್ಲಿ ನಿಂತವರು ಅರ್ಜಿದಾರನ ಕೆಲಸವನ್ನು ನೋಡುವರೋ, ಅವನ ಮೂಲವನ್ನು ನೋಡುವರೋ? ಹಣ ಕೊಟ್ಟವರಿಗೆ ರುಚಿಸದ ಫಲಿತಾಂಶ ಬಂದಾಗ ಅದು ಅಚ್ಚಾಗುವುದೇ, ಕಪಾಟು ಸೇರುವುದೇ?

ವಿಜ್ಞಾನಕ್ಕೆ ಹಣ ಕೊಡುವವರು ಲೆಕ್ಕ ಕೇಳಲಿ, ಅದು ನ್ಯಾಯ. ತಮ್ಮ ಕಷ್ಟವನ್ನು ಹೇಳಿ ಪರಿಹಾರ ಕೇಳಲಿ, ಅದೂ ನ್ಯಾಯವೇ. ಉತ್ತರ ಹೀಗೆಯೇ ಇರಬೇಕೆಂದು ಮಾತ್ರ ಅವರು ಹೇಳಬಾರದು. ಸರ್ಕಾರದ ಹಣವೆಂದರೆ ಅಂತಿಮವಾಗಿ ತೆರಿಗೆ ತೆರುವ ನಮ್ಮ ನಿಮ್ಮೆಲ್ಲರ ಹಣ. ಹಿಂದಿನ ಕಾಲದಲ್ಲಿ ಆಶ್ರಯದಾತನು ಒಬ್ಬ ದೊರೆ. ಇಂದು ಆ ಸ್ಥಾನದಲ್ಲಿ ನಾವಿದ್ದೇವೆ. ಕೊಡುವ ಔದಾರ್ಯದೊಡನೆ ಕಾಯುವ ತಾಳ್ಮೆಯನ್ನೂ, ಅಪ್ರಿಯವಾದ ಸತ್ಯವನ್ನು ಕೇಳುವ ಧೈರ್ಯವನ್ನೂ ನಾವು ಕಲಿತರೆ ಆ ಸ್ಥಾನಕ್ಕೆ ತಕ್ಕವರಾದೇವು.