ಮುಷ್ಟಿಸಾಧನೆಯಲ್ಲಿ ವಿಶ್ರಾಂತಿಯ ಸ್ಥಾನ

ಮೈಸೂರಿನ ದಸರೆಯನ್ನು ಕಂಡವರು ವಜ್ರಮುಷ್ಟಿ ಕಾಳಗವನ್ನು ಮರೆಯಲಾರರು. ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧವನ್ನು ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ. ಈ ಜಟ್ಟಿಗಳ ಪರಂಪರೆಯು ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರೊಡನೆ ಬೆಸೆದುಕೊಂಡಿದೆ ಎಂಬುದು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಂತಸದ ಸಂಗತಿ. ಆ ಮಲ್ಲರ ಗ್ರಂಥವಾದ ಮಲ್ಲಪುರಾಣವು 1964ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಮಲ್ಲರ ಆಹಾರ ವ್ಯಾಯಾಮಗಳನ್ನೂ ವಿವರಿಸುವ ಕೃತಿ, ಅದೇ ಮಾಲೆಯಲ್ಲಿ ಅದಕ್ಕೆ ಮೊದಲೇ ಬೆಳಕು ಕಂಡಿತ್ತು.

ವಜ್ರಮುಷ್ಟಿಯಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ಇಂದಿನ ಬಾಕ್ಸಿಂಗಿನಲ್ಲಾದರೋ ಗಡಿಯಾರವೇ ಯಜಮಾನ. ಮೂರು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು ಎಂಬ ಕ್ರಮವು 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ ಬಂದದ್ದು. ಅದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಒಬ್ಬನು ನೆಲಕ್ಕುರುಳುವವರೆಗೂ ಒಂದು ಸುತ್ತು. ಅನಂತರ ಅರ್ಧ ನಿಮಿಷದ ಬಿಡುವು ಮಾತ್ರ. ಆದುದರಿಂದ ದಣಿದವನು ಸಣ್ಣ ಪೆಟ್ಟಿಗೂ ಬಿದ್ದು ಉಸಿರು ಎಳೆದುಕೊಳ್ಳುವುದುಂಟಾಗಿತ್ತು. ನಿಯಮವು ಕೊಡದ ವಿಶ್ರಾಂತಿಯನ್ನು ದೇಹವು ಕದ್ದಾದರೂ ಪಡೆಯುತ್ತದೆ! 1889ರ ಜುಲೈನಲ್ಲಿ ಅಮೆರಿಕದ ಮಿಸಿಸಿಪಿಯ ಸುಡುಬಿಸಿಲಿನಲ್ಲಿ ಸಲಿವನ್ ಮತ್ತು ಕಿಲ್ರೇನ್ ಈ ಹಳೆಯ ಕಟ್ಟಳೆಯಂತೆ 75 ಸುತ್ತು, ಎರಡು ಗಂಟೆಗೂ ಮೀರಿ ಬರಿಗೈಯಲ್ಲಿ ಕಾದಾಡಿದರು. ಮುಂದೆ 1982ರಲ್ಲಿ ಕೊರಿಯದ ಕಿಮ್ ಡುಕ್ ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಪೆಟ್ಟು ತಿಂದು ಬಿದ್ದು, ಕೆಲವೇ ದಿನಗಳಲ್ಲಿ ಅಸುನೀಗಿದ ಮೇಲೆ ವಿಶ್ವ ಬಾಕ್ಸಿಂಗ್ ಮಂಡಳಿಯು ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿತು. ಒಲಿಂಪಿಕ್ ಪಂದ್ಯಗಳಲ್ಲಿ ಇರುವುದು ಮೂರೇ ಸುತ್ತು.

ಈ ಒಂದು ನಿಮಿಷದಲ್ಲಿ ದೇಹದೊಳಗೆ ನಡೆಯುವುದೇನು? ಬಿರುಸಾದ ಹೊಡೆತಗಳಿಗೆ ಒದಗುವ ಶಕ್ತಿಯು ಸ್ನಾಯುಗಳಲ್ಲಿ ಶೇಖರವಾಗಿರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ವಸ್ತುವಿನದು. ಸರ್ವಶಕ್ತಿಯನ್ನೂ ಪ್ರಯೋಗಿಸಿದರೆ ಹತ್ತು ಸೆಕೆಂಡುಗಳಷ್ಟರಲ್ಲಿ ಅದು ಬಹುಮಟ್ಟಿಗೆ ಮುಗಿಯುತ್ತದೆ. ಕೈ ಕೆಳಗಿಳಿಸಿದ ಸುಮಾರು ಅರ್ಧ ನಿಮಿಷದಲ್ಲಿ ಅರ್ಧದಷ್ಟು ಮತ್ತೆ ತುಂಬಿಕೊಳ್ಳುತ್ತದೆ; ಉಳಿದುದಕ್ಕೆ ಕೆಲವು ನಿಮಿಷಗಳೇ ಬೇಕು. ಹಾಗಾಗಿ ಮುಂದಿನ ಸುತ್ತಿಗೆ ಏಳುವವನು ಪೂರ್ತಿ ಚೇತರಿಸಿಕೊಂಡಿರುವುದಿಲ್ಲ. ಈ ಅರೆಚೇತರಿಕೆಗೆ ದೇಹವನ್ನು ಪಳಗಿಸುವುದೇ ಸುತ್ತಿನ ಸಾಧನೆಯ ಗುಟ್ಟು. 1930ರ ದಶಕದಲ್ಲಿ ಜರ್ಮನಿಯ ಗೆರ್ಶ್ಲರ್ ಓಟಗಾರರಿಗೆ ಇಂಥದೇ ಬಿಡುವಿನ ಪದ್ಧತಿಯನ್ನು ರೂಪಿಸಿದನು. ನಾಡಿಯು ನಿಮಿಷಕ್ಕೆ 120ಕ್ಕೆ ಇಳಿದ ಬಳಿಕವೇ ಮುಂದಿನ ಓಟ. ಅವನ ಶಿಷ್ಯ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟದಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ನಮ್ಮ ಆಯುರ್ವೇದವಂತೂ ಅರ್ಧಶಕ್ತಿಯ ವ್ಯಾಯಾಮವೇ ಸಾಕೆಂದು ಬಹು ಹಿಂದೆಯೇ ಹೇಳಿದೆ. ಉಸಿರು ಬಾಯಿಗೆ ಬರುವುದೇ ಅದರ ಗುರುತು.

ಆದರೆ ಪಂದ್ಯದ ಲೆಕ್ಕವು ಪಟುಗಳಿಗಾಗಿ ಇರುವುದು. ನಲವತ್ತು ದಾಟಿದ ಗೃಹಸ್ಥನು ಅದನ್ನೇ ಮೊದಲ ದಿನ ಹಿಡಿದರೆ ಅಪಾಯವಾದೀತು. ಅಂಥವನಿಗೆ ಒಂದು ನಿಮಿಷದ ಶ್ರಮ, ಒಂದು ನಿಮಿಷದ ಬಿಡುವು, ಹೀಗೆ ಮೂರು ನಾಲ್ಕು ಸುತ್ತು ಸಾಕು. ಹಗ್ಗದಾಟವಾಗಲಿ, ಮರಳಿನ ಚೀಲಕ್ಕೆ ಗುದ್ದುವುದಾಗಲಿ, ಗಾಳಿಗೆ ಮುಷ್ಟಿ ಬೀಸುವುದಾಗಲಿ, ಯಾವುದಾದರೂ ಸರಿಯೇ. ಮೂರು ನಾಲ್ಕು ವಾರಗಳು ಸುಖವಾಗಿ ಕಳೆದ ಮೇಲೆ ಸುತ್ತನ್ನು ಎರಡು ನಿಮಿಷಕ್ಕೆ ಏರಿಸಬಹುದು. ಬಿಡುವನ್ನು ಕಡಿಮೆಮಾಡುವ ಆತುರ ಬೇಡ. ಬಿಡುವಿನಲ್ಲಿ ಥಟ್ಟನೆ ಕುಳಿತುಬಿಡದೆ ಮೆಲ್ಲನೆ ಅಡ್ಡಾಡಬೇಕು. ಕೈಗಳನ್ನು ಸಡಿಲಬಿಟ್ಟು ನೀಳವಾಗಿ ಉಸಿರಾಡಬೇಕು. ಬಿಡುವು ಮುಗಿದಾಗ ಒಂದು ವಾಕ್ಯವನ್ನು ಏದುಸಿರಿಲ್ಲದೆ ಆಡಲಾಗದಿದ್ದರೆ ಇನ್ನೊಂದು ನಿಮಿಷ ಕಾಯುವುದರಲ್ಲಿ ಅವಮಾನವೇನೂ ಇಲ್ಲ. ಹೊಸ ವರಸೆಯನ್ನು ಕಲಿಯುವಾಗಲಂತೂ ದೀರ್ಘ ಬಿಡುವೇ ಮೇಲು, ದಣಿದ ತೋಳು ತಪ್ಪನ್ನೇ ಕಲಿಯುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲಿ ಹೃದಯಾಘಾತದಿಂದ ಅಗಲಿದಾಗ ಕನ್ನಡನಾಡಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. ವ್ಯಾಯಾಮವನ್ನೇ ಬಿಟ್ಟುಬಿಡಬೇಕೆಂದವರೂ ಇದ್ದರು. ಬಿಡುವುದು ಪರಿಹಾರವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಉಳ್ಳವರು, ಮನೆತನದಲ್ಲಿ ಹೃದ್ರೋಗವಿರುವವರು ಆರಂಭಕ್ಕೆ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ. ಸುತ್ತಿನ ನಡುವೆ ಎದೆ ಬಿಗಿದರೆ, ತೋಳಿಗೋ ದವಡೆಗೋ ನೋವು ಹರಿದರೆ, ತಣ್ಣನೆಯ ಬೆವರಿಟ್ಟು ತಲೆ ತಿರುಗಿದರೆ, ಗಂಟೆ ಬಾರಿಸುವವರೆಗೆ ಕಾಯಬಾರದು. ಅಲ್ಲಿಗೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆ ಸೇರಬೇಕು.

ಕೊಯಾಲಿಯ ತೈಲ ಶುದ್ಧೀಕರಣಾಗಾರವು 1965ರಿಂದ ಹಗಲಿರುಳು ನಡೆಯುತ್ತಿದೆ. ಪಾಳಿಯಲ್ಲಿ ದುಡಿಯುವವರ ದೇಹದ ಗಡಿಯಾರವೂ ಅದರೊಡನೆ ಹೊರಳುತ್ತಿರುತ್ತದೆ. ರಾತ್ರಿಪಾಳಿ ಮುಗಿಸಿ ನೇರವಾಗಿ ಚೀಲಕ್ಕೆ ಗುದ್ದಲು ನಿಲ್ಲುವುದು ಒಳಿತಲ್ಲ. ಮೊದಲು ನಿದ್ದೆ, ಅನಂತರ ಸಾಧನೆ. ಬಿಸಿಲು ನಲವತ್ತು ಡಿಗ್ರಿ ಮೀರುವ ಮೇ ತಿಂಗಳಿನಲ್ಲಿ ಬೆಳಗಿನ ಆರು ಗಂಟೆಯೊಳಗೆ ಮುಗಿಸುವುದು ಲೇಸು. ಆ ದಿನಗಳಲ್ಲಿ ಸುತ್ತುಗಳನ್ನು ಇಳಿಸಿ ಬಿಡುವನ್ನು ಇಮ್ಮಡಿಗೊಳಿಸಬೇಕು. ಪ್ರತಿ ಬಿಡುವಿನಲ್ಲೂ ಎರಡು ಗುಟುಕು ನೀರು, ಮನೆಗೆ ಬಂದಮೇಲೆ ಉಪ್ಪು ಬೆರೆಸಿದ ನೀರುಮಜ್ಜಿಗೆ. ಗುಜರಾತಿನ ಛಾಸ್ ಆದರೂ ಆದೀತು, ಸಕ್ಕರೆ ಬೇಡ.