ಮಣ್ಣಿಲ್ಲದೆ ಟೊಮೆಟೊ: ನೀರು ಹಿಡಿಯುವ ಹಾಳೆಯ ಕಥೆ

ಮಣ್ಣಿಲ್ಲದೆ ಬೆಳೆ ಬರುತ್ತದೆಯೇ? ಬರುತ್ತದೆ. ಗೊಬ್ಬರ ಕರಗಿಸಿದ ನೀರಿನಲ್ಲೋ, ತೆಂಗಿನ ನಾರಿನ ಪುಡಿಯಲ್ಲೋ ಬೇರು ಬಿಡಿಸಿ ಸೊಪ್ಪು, ತರಕಾರಿ, ಹೂವು ಬೆಳೆಯುವುದು ಈಗ ಹೊಸದೇನಲ್ಲ. ಆದರೆ ಈ ಪದ್ಧತಿಗೆ ಎರಡು ತೊಡಕುಗಳಿವೆ. ಒಂದೇ ತೊಟ್ಟಿಯ ನೀರು ಎಲ್ಲ ಗಿಡಗಳಿಗೂ ಹರಿದರೆ, ಒಂದು ಗಿಡದ ಬೇರುಕೊಳೆ ರೋಗ ಉಳಿದವಕ್ಕೂ ಹಬ್ಬಬಹುದು. ಉಳಿದ ಗೊಬ್ಬರದ ನೀರನ್ನು ಹೊರಗೆ ಬಿಟ್ಟರೆ ಹಳ್ಳ, ಬಾವಿ ಕೆಡುತ್ತವೆ. ಇದಕ್ಕೆ ಪಾಲಿಮರ್ ವಿಜ್ಞಾನ ಒಂದು ದಾರಿ ತೋರಿಸಿದೆ.

ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಸೇರಿ ಆದ ಉದ್ದನೆಯ ಅಣುವೇ ಪಾಲಿಮರ್. ಇಂಥ ಸರಪಳಿಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟರೆ ಅದು ಹೈಡ್ರೋಜೆಲ್. ಕಾಮಕಸ್ತೂರಿ ಬೀಜ ನೆನೆಹಾಕಿದಾಗ ಸುತ್ತಲೂ ಬರುವ ಲೋಳೆ ನಿಸರ್ಗವೇ ಮಾಡಿದ ಹೈಡ್ರೋಜೆಲ್.

ಜಪಾನಿನ ವಿಜ್ಞಾನಿ ಯುಇಚಿ ಮೋರಿ ಮೊದಲು ವೈದ್ಯಕೀಯ ಪಾಲಿಮರ್‌ಗಳ ಮೇಲೆ ಕೆಲಸ ಮಾಡಿದವರು. 1995ರಲ್ಲಿ ಮೆಬಿಯೋಲ್ ಕಂಪನಿ ಆರಂಭಿಸಿ, ಹೈಡ್ರೋಜೆಲ್ಲನ್ನೇ ತೆಳು ಹಾಳೆಯಾಗಿಸಿ 'ಐಮೆಕ್' ಎಂದು ಹೆಸರಿಟ್ಟರು.

ಕೆಲಸ ಹೇಗೆ?

ನೆಲದ ಮೇಲೆ ನೀರು ಇಳಿಯದ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಗೊಬ್ಬರದ ನೀರು ಕೊಡುವ ಡ್ರಿಪ್ ಪೈಪು, ಅದರ ಮೇಲೆ ಈ ಹಾಳೆ. ಗಿಡ ಹಾಳೆಯ ಮೇಲೆ ಬೇರು ಹರಡುತ್ತದೆ. ಹಾಳೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರು, ಗೊಬ್ಬರದ ಅಂಶ ದಾಟುತ್ತವೆ, ಬ್ಯಾಕ್ಟೀರಿಯಾ, ವೈರಸ್ ದಾಟಲಾರವು. ಹಾಳೆ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಎಳೆದುಕೊಳ್ಳಲು ಗಿಡ ತನ್ನೊಳಗೆ ಸಕ್ಕರೆ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಹಣ್ಣು ಸಿಹಿ! ಕೆಳಗಿನ ಶೀಟ್ ನೆಲದಿಂದ ಬೇರ್ಪಡಿಸುವುದರಿಂದ ಉಪ್ಪು ನೆಲದಲ್ಲೂ ಬೆಳೆ ಸಾಧ್ಯ. 2011ರ ಸುನಾಮಿಯಿಂದ ಹೊಲಗಳು ಕೆಟ್ಟ ಈಶಾನ್ಯ ಜಪಾನಿನಲ್ಲಿ ಇದು ನೆರವಾಯಿತು.

ಆದರೆ ಹಾಳೆ, ಡ್ರಿಪ್, ಪಾಲಿಹೌಸ್ ಎಲ್ಲಕ್ಕೂ ಮೊದಲೇ ಹಣ ಹಾಕಬೇಕು. ಸವೆದ ಹಾಳೆ, ಪ್ಲಾಸ್ಟಿಕ್ಕನ್ನು ವಿಲೇವಾರಿ ಮಾಡುವ ಹೊಣೆಯೂ ಇದೆ. ಒಳ್ಳೆಯ ಬೆಲೆ ಸಿಗುವ ಬೆಳೆಗಷ್ಟೇ ಇದು ಲೆಕ್ಕಕ್ಕೆ ಬರುತ್ತದೆ, ಜೋಳ, ಶೇಂಗಾಕ್ಕಲ್ಲ.

ಮಳೆ ನಂಬಿದವರಿಗೆ?

ಜತ್ತ, ರಾಯದುರ್ಗದಂಥ ಒಣಸೀಮೆಯ ರೈತರಿಗೆ ಇದೇ ವಿಜ್ಞಾನದ ಇನ್ನೊಂದು ರೂಪ ಹತ್ತಿರದ್ದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಹೈಡ್ರೋಜೆಲ್' ಮಣ್ಣಿಗೇ ಸೇರಿಸುವ ಹರಳು. ಶುದ್ಧ ನೀರಿನಲ್ಲಿ ತನ್ನ ತೂಕದ 350 ಪಟ್ಟು ಹೀರಬಲ್ಲದು. ಎಕರೆಗೆ ಒಂದರಿಂದ ಎರಡು ಕಿಲೋ ಹರಳನ್ನು ಒಣಮಣ್ಣಿನಲ್ಲಿ ಬೆರೆಸಿ ಬಿತ್ತನೆ ಸಾಲಿಗೆ ಹಾಕುತ್ತಾರೆ. ಮಣ್ಣು ಒಣಗಿದಂತೆ ಅದು ಬೇರಿಗೆ ನೀರು ಬಿಡುತ್ತದೆ.

ಒಂದು ಎಚ್ಚರ: ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಹರಳು ಅಷ್ಟು ಉಬ್ಬುವುದಿಲ್ಲ. ಕೊಳ್ಳುವ ಮುನ್ನ ಬೋರಿನ ನೀರಿನಲ್ಲಿ ಒಂದು ಚಿಟಿಕೆ ನೆನೆಹಾಕಿ ನೋಡುವುದು ಒಳ್ಳೆಯದು. ಹೈಡ್ರೋಜೆಲ್ ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಉಳಿಸುತ್ತದೆ, ಅಷ್ಟೇ.