ಮಂಜು ಹೊತ್ತ ನೆಲ

ವಿಜಯಪುರದ ಸೊಲ್ಲಾಪುರ ರಸ್ತೆಯ ಮಗ್ಗುಲಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಸುತ್ತಲಾಗಲಿ ಬೇಸಗೆಯಲ್ಲಿ ಎರೆಹೊಲವನ್ನು ಕಂಡವರಿಗೆ, ನೆಲವು ಅಚಲವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಾಯ್ದೆರೆದು ಬಿರಿದ ಆ ಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಎರೆಯಲ್ಲಿರುವ ನುಣ್ಣನೆಯ ಜೇಡಿಯು ತನ್ನ ಪದರಗಳ ನಡುವೆ ನೀರನ್ನು ಸೇರಿಸಿಕೊಳ್ಳುವುದೂ ಬಿಟ್ಟುಕೊಡುವುದೂ ಇದಕ್ಕೆ ಕಾರಣ. ಅಂಥ ನೆಲದ ಮೇಲಿನ ರಸ್ತೆ ಅಲೆಯಂತೆ ಏರಿಳಿಯುತ್ತದೆ, ಮನೆಯ ಗೋಡೆ ಸೀಳುತ್ತದೆ. ಆದರೂ ಈ ವರ್ಷ ಕುಗ್ಗಿದ ಎರೆಯು ಮುಂದಿನ ಮಳೆಗೆ ಹಿಗ್ಗುವುದು ನಿಶ್ಚಯ. ಒಮ್ಮೆ ಕುಸಿದರೆ ಮತ್ತೆ ಮೇಲೇಳದ ನೆಲವೂ ಜಗತ್ತಿನಲ್ಲಿ ಉಂಟು.

ಸೈಬೀರಿಯ, ಅಲಾಸ್ಕ, ಉತ್ತರ ಕೆನಡಗಳಲ್ಲಿ ಅದನ್ನು ಕಾಣಬಹುದು. ಕನಿಷ್ಠ 2 ವರ್ಷ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ಸನ್ನು ಮೀರದ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ, ನಾವು ಹಿಮನೆಲವೆನ್ನೋಣ. ಬೇಸಗೆಯಲ್ಲಿ ಅದರ ಮೇಲ್ಪದರವಷ್ಟೇ ಕರಗಿ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ.

ಚೀಲದೊಳಗಿನ ಜೋಳದ ಕಾಳುಗಳನ್ನು ನೆನೆದುಕೊಳ್ಳಿರಿ. ಅವು ಒಂದನ್ನೊಂದು ಆತು ನಿಂತಿರುತ್ತವೆ. ಸಾಮಾನ್ಯ ಮಣ್ಣಿನ ಕಣಗಳೂ ಹೀಗೆಯೇ. ಸಂದುಗಳಲ್ಲಿರುವ ನೀರು ಹೋದರೂ ನೆಲ ನಿಲ್ಲುತ್ತದೆ. ಆದರೆ ಹಿಮನೆಲದ ಕೆಲವೆಡೆ ಮಂಜುಗಡ್ಡೆಯು ಸಂದುಗಳಿಗೆ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚಾಗಿದ್ದು, ಕಣಗಳನ್ನು ದೂರ ತಳ್ಳಿ, ಮೇಲಿನ ಭಾರವನ್ನು ತಾನೇ ಹೊತ್ತಿರುತ್ತದೆ. ಅದು ಕರಗಿದರೆ ಕಣಗಳಿಗೆ ಆಸರೆಯಿಲ್ಲ. ಕೆಳಗಿನ ನೆಲ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ನೀರು ಇಂಗಲಾರದು. ಸಮನೆಲವಾದರೆ ಗುಳಿಬಿದ್ದು ಕೆರೆಯಾಗುತ್ತದೆ. ಇಳಿಜಾರಾದರೆ ರಾಡಿಯಾಗಿ ಜಾರುತ್ತದೆ. ಜಾರಿದಲ್ಲಿ ಹಿಂದಿನ ಮಂಜಿನ ಗೋಡೆ ಬಿಸಿಲಿಗೆ ಬತ್ತಲಾಗುತ್ತದೆ. ಅದೂ ಕರಗುತ್ತದೆ, ಕುಸಿತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ.

ರಷ್ಯದ ಯಾಕೂತಿಯ ಪ್ರಾಂತದ ಬಟಗಾಯ್ ಎಂಬ ಊರಿನ ಬಳಿ ಕಳೆದ ಶತಮಾನದಲ್ಲಿ ಕಾಡು ಕಡಿದರು. ನೆರಳು ಹೋಯಿತು, ನೆಲ ಕಾಯಿತು. ಅಲ್ಲಿ ಬಿದ್ದ ಕಮರಿ ಈಗ ಸುಮಾರು 1 ಕಿಲೋಮೀಟರ್ ಹರವಾಗಿದ್ದು, ಇನ್ನೂ ಬೆಳೆಯುತ್ತಿದೆ. ಇಂದು ಭೂಮಿಯೇ ಬಿಸಿಯೇರುತ್ತಿರುವಾಗ ಕೊಡಲಿ ಸೋಕದ ಕಡೆಗಳಲ್ಲಿಯೂ ಕುಸಿತಗಳು ಹೆಚ್ಚುತ್ತಿವೆ.

ನೆಲದ ಗುಣವರಿತೇ ಮನೆ ಕಟ್ಟಬೇಕು. ನಮ್ಮ ಗೌಂಡಿಗಳು ಎರೆಯನ್ನು ಅಗೆದು ತೆಗೆದು ಗರಸು ತುಂಬಿ ಅಡಿಪಾಯ ಹಾಕುತ್ತಾರೆ. ಯಾಕುತ್ಸ್ಕ್ ನಗರದಲ್ಲಿ ಮನೆಗಳನ್ನು ಹಿಮನೆಲದೊಳಗೆ ಆಳವಾಗಿ ಇಳಿಸಿದ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಒಳಗೆ ಒಲೆ ಉರಿಯುತ್ತಿದ್ದರೂ ಅದರ ಬಿಸಿ ನೆಲಕ್ಕೆ ತಾಗದಂತೆ, ಮನೆಯಡಿಯಲ್ಲಿ ಚಳಿಗಾಳಿ ಬೀಸುತ್ತಿರುತ್ತದೆ.